ಪಂಕ್ತಿಯ ಐದನೆಯ ಎಲೆ



ಲಗ್ನ ನಿಶ್ಚಯವಾದ ಯುವಕನನ್ನು ಅವನ ಸಂಗಾತಿಗಳು ಹೇಳದೆ ಕೇಳದೆ ಎಲ್ಲಿಗೋ ಕರೆದೊಯ್ದು ಎರಡು ಮೂರು ದಿನ ನಲಿದು ಬರುವ ರೂಢಿಯೊಂದು ಈಚಿನ ವರ್ಷಗಳಲ್ಲಿ ನಮ್ಮ ಕಡೆಗೂ ಬಂದಿದೆ. ಬ್ಯಾಚುಲರ್ ಪಾರ್ಟಿ ಎಂದು ಅದಕ್ಕೆ ಹೆಸರು. ಇದು ನಮ್ಮದಲ್ಲ, ಪರದೇಶದ್ದು ಎಂದು ಹಿರಿಯರು ಮುಖ ತಿರುಗಿಸುವುದುಂಟು. ಆದರೆ ಮದುವೆಗೆ ಮುನ್ನ ಮದುಮಗನನ್ನು ನೆಂಟರು ಇಷ್ಟರು ಮನೆಗೆ ಕರೆದು ಉಣಿಸುವ ಪದ್ಧತಿ ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದ್ದೇ ಇದೆ. ನೆಂಟರು ಮನೆಗೆ ಕರೆಯುತ್ತಿದ್ದರು, ಗೆಳೆಯರು ಕಡಲಿಗೆ ಕರೆಯುತ್ತಾರೆ. ಅಷ್ಟಕ್ಕೇ ಸಿಟ್ಟಾಗಬೇಕಾದದ್ದಿಲ್ಲ. ಇಲ್ಲಿ ಹೇಳಹೊರಟಿರುವುದು ೨೦೨೪ರ ಜನವರಿಯಲ್ಲಿ ನಡೆದ ಅಂಥದೊಂದು ಪ್ರಯಾಣದ ಸಂಗತಿ.

ಮದುಮಗನು ರಾಣೆಬೆನ್ನೂರಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮದುವೆಗೆ ಇನ್ನು ಮೂರು ವಾರವಿತ್ತು. ಜನವರಿ ೨೬ರ ಶುಕ್ರವಾರ ಅಂಗಡಿಗೆ ರಜೆ. ಹಿಂದಿನ ರಾತ್ರಿ ಹಳೆಯ ಸಹಪಾಠಿಯೊಬ್ಬನು ದೂರವಾಣಿ ಮಾಡಿ, “ಶಿರಸಿಯೊಳಗ ನಿಮ್ಮ ಸೋದರಮಾವನ ಮನೀಗೆ ಲಗ್ನಪತ್ರ ಕೊಡೂದೈತಿ ಅಂದಿದ್ದೆಲ್ಲ, ನಮಗೂ ಅಲ್ಲೇ ಕೆಲಸ ಐತಿ, ನಾಳೆ ಗಾಡಿಯೊಳಗ ಹೋಗಿ ಸಂಜೀಕ ಬಂದುಬಿಡೋಣ” ಎಂದಿದ್ದನು. ಮದುಮಗನು ಅದನ್ನು ನಂಬಿದನು. ಬಿಳಿಯ ಅಂಗಿ, ಹೊಸ ಪ್ಯಾಂಟು ತೊಟ್ಟು, ಅರಿಸಿನ ಹಚ್ಚಿದ ಅರವತ್ತು ಲಗ್ನಪತ್ರಗಳು, ಹೆಸರುಗಳ ನೋಟುಪುಸ್ತಕ, ಒಂದು ವಿಭೂತಿ ಗಟ್ಟಿ ಇದ್ದ ಕೈಚೀಲವನ್ನು ಹಿಡಿದು ಮನೆಯಿಂದ ಹೊರಟನು. ಅವನ ತಾಯಿಗೆ ಸಂಗತಿ ತಿಳಿದಿತ್ತೆಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಅರಿಸಿನ ಹಚ್ಚಿದ ಮೇಲೆ ಮದುಮಗನು ಊರ ಗಡಿ ದಾಟಬಾರದು, ಹೋಗುವುದಿದ್ದರೆ ಈಗಲೇ ಹೋಗಿ ಬರಲಿ ಎಂದು ಆ ತಾಯಿಯೇ ಗೆಳೆಯರಿಗೆ ಅಪ್ಪಣೆ ಕೊಟ್ಟಿದ್ದಳಂತೆ. “ನೀರಿಗೆ ಮಾತ್ರ ಇಳಿಸಬ್ಯಾಡ್ರೆಪ್ಪ” ಎಂಬ ಒಂದೇ ಷರತ್ತು ಹಾಕಿದ್ದಳು.

ಗೆಳೆಯರೆಂದರೆ ನಾಲ್ವರು. ಐವರೂ ೨೦೦೭ರಿಂದ ೨೦೧೨ರ ವರೆಗೆ ಒಂದು ಮಠದ ಉಚಿತ ಪ್ರಸಾದನಿಲಯದಲ್ಲಿ ಇದ್ದು ಎಂಟನೆಯ ತರಗತಿಯಿಂದ ಪಿ.ಯು.ಸಿ. ತನಕ ಓದಿದವರು. ಒಂದೇ ಸಾಲಿನ ಚಾಪೆಗಳಲ್ಲಿ ಮಲಗಿದವರು. ಈಗ ಒಬ್ಬನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ, ಒಬ್ಬನು ಹಾವೇರಿ ಬಳಿಯ ಸರಕಾರಿ ಪ್ರೌಢಶಾಲೆಯ ಮೇಷ್ಟ್ರು, ಇನ್ನೊಬ್ಬನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲ್ಲಾಳಿ ಅಂಗಡಿಯವನು. ನಾಲ್ಕನೆಯವನದು ಕ್ರೂಸರ್ ಗಾಡಿ. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ತಂದೆ ತೀರಿಕೊಂಡುದರಿಂದ ಅವನ ಓದು ಅಲ್ಲಿಗೇ ನಿಂತಿತ್ತು. ಮೊದಲು ಯಾರದೋ ಗಾಡಿ ಓಡಿಸಿ, ಆಮೇಲೆ ಸಾಲ ಮಾಡಿ ತನ್ನದೇ ಒಂದನ್ನು ಕೊಂಡು, ಮದುವೆಯ ದಿಬ್ಬಣ, ಧರ್ಮಸ್ಥಳ, ಶಬರಿಮಲೆ ಎಂದು ಬಾಡಿಗೆಗೆ ಓಡಿಸುತ್ತ ತಾಯಿ, ಹೆಂಡತಿ, ಮಗು, ತಮ್ಮ ಇವರನ್ನು ಸಾಕುತ್ತಿದ್ದನು.

ರಾಣೆಬೆನ್ನೂರಿನಲ್ಲಿ ಮದುಮಗನನ್ನು ಹತ್ತಿಸಿಕೊಂಡವನು ಅವನೇ. ಬೆಂಗಳೂರಿನವನು ಹಿಂದಿನ ಸೀಟಿನಲ್ಲಿ ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿದ್ದನು. ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಯವನು ಏರಿಕೊಂಡನು. ಮೆಣಸಿನಕಾಯಿ ಆವಕದ ತಿಂಗಳಾದ್ದರಿಂದ ಅವನ ಅಂಗಿಗೆಲ್ಲ ಅದರ ಘಾಟು, ಗಾಡಿಯಲ್ಲಿದ್ದವರೆಲ್ಲ ಸೀನಿದರು. ಹಾವೇರಿಯಲ್ಲಿ ಧ್ವಜಾರೋಹಣ ಮುಗಿಸಿದ ಮೇಷ್ಟ್ರು ಎದೆಗೆ ತ್ರಿವರ್ಣದ ಬಿಲ್ಲೆ ಸಿಕ್ಕಿಸಿಕೊಂಡು, ಮಕ್ಕಳಿಗೆ ಹಂಚಿ ಉಳಿದ ಬೂಂದಿಯ ಪೊಟ್ಟಣ ಹಿಡಿದು ಕಾಯುತ್ತಿದ್ದರು. ಆಗಲೇ ಮದುಮಗನಿಗೆ ಅನುಮಾನ ಬಂದದ್ದು. ಒಂದು ಲಗ್ನಪತ್ರ ಕೊಡಲು ಐದು ಜನ ಏಕೆ? ಶಿರಸಿಯಲ್ಲಿ ಸೋದರಮಾವನ ಮನೆಗೆ ನಿಜವಾಗಿಯೂ ಹೋಗಿ ಪತ್ರ ಕೊಟ್ಟು ಊಟ ಮಾಡಿದರು. ಊಟವಾದ ಮೇಲೆ ಗಾಡಿ ಹಾವೇರಿಯ ಕಡೆಗೆ ತಿರುಗದೆ ಕುಮಟೆಯ ರಸ್ತೆ ಹಿಡಿಯಿತು. ಎಲ್ಲರೂ ಒಮ್ಮೆಲೇ ಕೇಕೆ ಹಾಕಿದರು. ಬೆಂಗಳೂರಿನವನು ತನ್ನ ಚೀಲದಿಂದ ಮದುಮಗನ ಅಳತೆಯ ಎರಡು ಚಡ್ಡಿ, ಒಂದು ಹೂವಿನ ಅಂಗಿ, ಟವೆಲು ತೆಗೆದು ಅವನ ತೊಡೆಯ ಮೇಲಿಟ್ಟನು.

ಶಿರಸಿಯಿಂದ ಕುಮಟೆಗೆ ಸುಮಾರು ೬೦ ಕಿಲೋಮೀಟರು. ನಡುವೆ ದೇವಿಮನೆ ಘಟ್ಟ. ಆಗ ಅಲ್ಲಿ ರಸ್ತೆ ಅಗಲ ಮಾಡುವ ಕಾಮಗಾರಿ ನಡೆದಿತ್ತು. ಕೆಂಪು ಧೂಳು, ಕಡಿದ ಗುಡ್ಡ, ಅಡ್ಡ ನಿಂತ ಯಂತ್ರಗಳು. ಹಿಂದಿನ ನಾಲ್ವರು ಹಾಡುತ್ತ, ಪ್ರಸಾದನಿಲಯದ ಹಳೆಯ ಕಥೆಗಳನ್ನು ಹೇಳುತ್ತ ನಗುತ್ತಿದ್ದರೆ, ಚಾಲಕನು ತಿರುವು ತಿರುವಿಗೂ ಹಾರ್ನ್ ಮಾಡುತ್ತ ಗಾಡಿ ಇಳಿಸುತ್ತಿದ್ದನು. ಅವನೂ ಆಗಾಗ ಕಥೆಗೆ ಒಂದು ಮಾತು ಸೇರಿಸುವನು, ಆದರೆ ಕಣ್ಣು ರಸ್ತೆಯ ಮೇಲೆಯೇ. ಅಘನಾಶಿನಿ ದಾಟಿ, ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣ ಸೇರುವಾಗ ಕತ್ತಲಾಗಿತ್ತು. ಹಿಂದಿನ ದಿನವಷ್ಟೇ ಪುಷ್ಯದ ಹುಣ್ಣಿಮೆಯಾಗಿದ್ದುದರಿಂದ ಬೆನ್ನ ಹಿಂದಿನ ಗುಡ್ಡದ ಮೇಲೆ ದೊಡ್ಡ ಚಂದ್ರನು ಎದ್ದಿದ್ದನು.

ಉಳಿಯುವ ಜಾಗ ಕುಡ್ಲೆ ಕಡಲತೀರದಲ್ಲಿ. ಅಲ್ಲಿಗೆ ಗಾಡಿ ಇಳಿಯುವುದಿಲ್ಲ, ಗುಡ್ಡದ ಮೇಲೆ ನಿಲ್ಲಿಸಿ ಮೆಟ್ಟಿಲು ಇಳಿದು ಹೋಗಬೇಕು. ಗಣರಾಜ್ಯೋತ್ಸವಕ್ಕೆ ಶನಿವಾರ, ಭಾನುವಾರಗಳೂ ಸೇರಿ ಮೂರು ದಿನ ರಜೆ ಬಂದುದರಿಂದ ಗೋಕರ್ಣವೆಲ್ಲ ಜನ. ಬೆಂಗಳೂರಿನವನು ತಿಂಗಳ ಹಿಂದೆಯೇ ಎರಡು ಕೋಣೆ ಹಿಡಿದಿದ್ದನು. ಕೋಣೆಗೆ ಎರಡು ಮಂಚ. ಚೀಲಗಳನ್ನು ಇಳಿಸಿಕೊಟ್ಟ ಚಾಲಕನು, “ನೀವು ನಡೀರಿ, ನಾ ಗಾಡಿ ಹೊಂದಿಸಿ ನಿಲ್ಲಿಸ್ತೀನಿ” ಎಂದನು. ಎಲ್ಲರೂ ನಡೆದರು.

ಆ ರಾತ್ರಿಯ ಊಟದ ವಿಷಯವನ್ನು ಉದ್ದ ಮಾಡಬೇಕಾಗಿಲ್ಲ. ಮರಳಿನ ಮೇಲೆ ಮೇಜು ಹಾಕಿದ್ದರು, ದೀಪದ ಸರ ಕಟ್ಟಿದ್ದರು. ಇಬ್ಬರು ಬಿಯರ್ ತರಿಸಿದರು. ಕೊರಳಲ್ಲಿ ಇಷ್ಟಲಿಂಗವಿದ್ದ ಮದುಮಗನನ್ನು ಯಾರೂ ಒತ್ತಾಯಿಸಲಿಲ್ಲ. ಮುರುಗಲು ಶರಬತ್ತು ಅವನ ಪಾಲಿಗೆ ಬಂತು. ಭರತದ ವೇಳೆ, ಅಲೆಗಳು ಮೇಜಿನಿಂದ ಹತ್ತು ಮಾರಿನಷ್ಟು ಹತ್ತಿರ ಬಂದು ಹಿಂದೆ ಸರಿಯುತ್ತಿದ್ದವು. ಸಂತೋಷ ನಿಜವಾಗಿಯೂ ದೊಡ್ಡದಾಗಿತ್ತು. ಹನ್ನೆರಡು ವರ್ಷಗಳಾದ ಮೇಲೆ ಅವರು ಮತ್ತೆ ಹುಡುಗರಾಗಿದ್ದರು. “ಅವನೆಲ್ಲಿ?” ಎಂದು ಮದುಮಗನು ಒಮ್ಮೆ ಕೇಳಿದನು. “ಉಂಡು ಮಲಗಿರಬೇಕು, ನಾಳೆ ಮತ್ತ ಗಾಡಿ ಹೊಡೀಬೇಕಲ್ಲ” ಎಂದು ಯಾರೋ ಹೇಳಿದರು. ಆ ಉತ್ತರ ಸರಿಯಾಗಿಯೇ ಕೇಳಿಸಿತು. ಮಾತು ಬೇರೆ ಕಡೆಗೆ ಹೋಯಿತು.

ಮಲಗುವ ಹೊತ್ತಿಗೆ ಮದುಮಗನಿಗೆ ತನ್ನ ಕೈಚೀಲ ಗಾಡಿಯಲ್ಲೇ ಉಳಿದಿರುವುದು ನೆನಪಾಯಿತು. ಬೆಳಗಿನ ಲಿಂಗಪೂಜೆಗೆ ವಿಭೂತಿ ಅದರಲ್ಲಿತ್ತು. ಹನ್ನೊಂದೂವರೆಯ ಬೆಳದಿಂಗಳಲ್ಲಿ ಅವನೊಬ್ಬನೇ ಮೆಟ್ಟಿಲು ಹತ್ತಿ ಹೋದನು. ಗಾಡಿಗಳು ಸಾಲಾಗಿ ನಿಂತಿದ್ದವು. ಆ ಸಾಲಿನಲ್ಲಿ ಅನೇಕ ಗಾಡಿಗಳ ಒಳಗೆ ಮನುಷ್ಯರು ಮಲಗಿದ್ದರು. ಕಾಲು ಕಿಟಕಿಯಿಂದ ಹೊರಗೆ, ಮುಖಕ್ಕೆ ಬಟ್ಟೆ. ತಮ್ಮ ಕ್ರೂಸರಿನ ಹಿಂದಿನ ಬಾಗಿಲು ತೆರೆದಿತ್ತು. ಗೆಳೆಯನು ಬಾಗಿಲ ಮೆಟ್ಟಿಲ ಮೇಲೆ ಕುಳಿತು ಊಟ ಮಾಡುತ್ತಿದ್ದನು. ಮೊಣಕಾಲ ಮೇಲೆ ಬಿಳಿಯ ಬಟ್ಟೆ, ಅದರ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ಮನೆಯಿಂದ ಕಟ್ಟಿಸಿಕೊಂಡು ಬಂದ ಬುತ್ತಿ.

ಇದನ್ನು ಓದುವವರಲ್ಲಿ ಮಠಗಳ ಪ್ರಸಾದನಿಲಯದಲ್ಲಿ ಉಂಡು ಬೆಳೆದವರು ಅನೇಕರಿರಬಹುದು. ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಟೆ ಬಾರಿಸಿದ ಮೇಲೆ ಸಾಲಾಗಿ ಕುಳಿತು, ಕಟ್ಟಕಡೆಯ ಹುಡುಗನ ತಟ್ಟೆಗೂ ಬಡಿಸಿ ಆಗುವ ತನಕ, ಪ್ರಾರ್ಥನೆ ಮುಗಿಯುವ ತನಕ, ಮೊದಲ ತಟ್ಟೆಯ ಹುಡುಗನು ತುತ್ತು ಎತ್ತುವಂತಿಲ್ಲ. ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಮುದ್ದೆ ಆರಿ ಹೋಗಲಿ, ಕಾಯಬೇಕು. ಐದು ವರ್ಷ ಹಾಗೆ ಕಾದು ಉಂಡವರು ಅವರು. ಆ ದಿನ ಮೆಟ್ಟಿಲ ಕೆಳಗೆ ನಾಲ್ವರು ಉಂಡು ಎದ್ದಿದ್ದರು.

“ಯಾಕಲೇ, ಕೆಳಗ ಬರಬಾರದಿತ್ತ?” ಎಂದನು ಮದುಮಗ.

“ಗಾಡಿ ಬಿಟ್ಟು ಹೆಂಗ ಬರಲಿ. ರೊಟ್ಟಿ ತಿಂತಿಯೇನು?”

ಮದುಮಗನು ಒಂದು ರೊಟ್ಟಿ ಮುರಿದುಕೊಂಡನು. ಹಸಿವಿರಲಿಲ್ಲ, ಆದರೂ ತಿಂದನು. ಕೋಣೆಯ ಮಾತು ಬಂದಾಗ ಗೆಳೆಯನು ನಗುತ್ತ, “ನಾಲ್ಕು ಮಂಚ ಅಂತ ನನಗ ಮೊದಲ ಹೇಳಿದ್ರು. ಡ್ರೈವರ್ ಮಂದಿ ಗಾಡಿಯೊಳಗ ಮಲಗತಾರ, ಅದೇನು ಹೊಸಾದಲ್ಲ” ಎಂದನು. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಹುಡುಕಿ ನೋಡಿದರೂ ಇರಲಿಲ್ಲ, ಮದುಮಗನಿಗೆ ಕಷ್ಟವಾದದ್ದು ಅದರಿಂದಲೇ. ಬೆಂಗಳೂರಿನವನು ಕರೆದಾಗ ಇವನೇ ಬಾಡಿಗೆಯ ಮಾತಾಡಿದ್ದನಂತೆ. ಮೂರು ದಿನಕ್ಕೆ ೧೨,೦೦೦ ರೂಪಾಯಿ, ಡೀಸೆಲ್ ತನ್ನದೇ. “ಬರೇ ಗೆಳ್ಯಾ ಅಂತ ಬಂದಿದ್ರ ಮೂರು ದಿನದ ಬಾಡಿಗಿ ಹೋಗತಿತ್ತು. ತಿಂಗಳ ಕಂತು ಕಾಯೂದಿಲ್ಲ. ಬಾಡಿಗಿ ಅಂತ ಬಂದೆ, ನಿನ್ನ ಲಗ್ನದ ಮೋಜೂ ನೋಡಿದೆ, ಎರಡೂ ಆತು” ಎಂದನು.

ಮದುಮಗನು ಕೈಚೀಲವನ್ನು ತೆಗೆದುಕೊಂಡನು. ಹೊರಡಬೇಕೆನ್ನುವಾಗ ಏನೋ ತೋಚಿ, ಗಾಡಿಯ ಒಳದೀಪದ ಬೆಳಕಿನಲ್ಲಿ ನೋಟುಪುಸ್ತಕವನ್ನು ಬಿಚ್ಚಿದನು. ಅವನು ಲೆಕ್ಕದವನು, ಎಲ್ಲವನ್ನೂ ಅಂಕಣ ಹಾಕಿ ಬರೆಯುವವನು. ಲಗ್ನಪತ್ರ ಕೊಡಬೇಕಾದವರ ಪಟ್ಟಿ ಹನ್ನೊಂದು ಪುಟವಿತ್ತು. ಸ್ನೇಹಿತರು ಎಂಬ ತಲೆಬರೆಹದ ಕೆಳಗೆ ಬೆಂಗಳೂರಿನವನ ಹೆಸರಿತ್ತು, ಮೇಷ್ಟ್ರ ಹೆಸರಿತ್ತು, ಬ್ಯಾಡಗಿಯವನ ಹೆಸರಿತ್ತು. ಎದುರಿಗೆ ಕುಳಿತು ರೊಟ್ಟಿ ತಿನ್ನುತ್ತಿದ್ದವನ ಹೆಸರಿರಲಿಲ್ಲ. ಅದು ಪುಸ್ತಕದ ಇನ್ನೊಂದು ತುದಿಯಲ್ಲಿ, ಖರ್ಚಿನ ಪುಟದಲ್ಲಿತ್ತು. ಹಂದರ, ಅಡುಗೆಯವರು, ಹೂವು, ವಾಲಗ, ಅದರ ಕೆಳಗೆ: ದಿಬ್ಬಣಕ್ಕೆ ಕ್ರೂಸರ್, ಮುಂಗಡ ೧,೦೦೦.

ಹೇಗೂ ಅವನು ಬಂದೇ ಬರುತ್ತಾನೆ, ಗಾಡಿ ಅವನದೇ ಎಂಬ ಸಲಿಗೆಯಲ್ಲಿ ಪತ್ರ ಬರೆಯುವುದು ಬಿಟ್ಟುಹೋಗಿತ್ತು. ಬೇಕೆಂದು ಬಿಟ್ಟದ್ದಲ್ಲ. ಕೋಣೆ ಹಿಡಿದವನೂ ಬೇಕೆಂದು ಬಿಟ್ಟದ್ದಲ್ಲ. ಕೆಳಗಿಳಿದು ಹೋಗಿ ಬೆಂಗಳೂರಿನವನನ್ನು ಎಬ್ಬಿಸಿ ಬೈಯಬೇಕೆಂದುಕೊಂಡಿದ್ದ ಮದುಮಗನ ಕಾಲು ಅಲ್ಲಿಯೇ ನಿಂತಿತು. ಅವನು ಕೋಣೆಗೆ ಹೋಗಲಿಲ್ಲ. ಎದುರಿನ ಸೀಟಿನ ಮೇಲೆ ಕೈಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದನು. “ಸೊಳ್ಳಿ ಕಡಿತಾವ ನೋಡು” ಎಂದು ಗೆಳೆಯನು ತನ್ನ ಹೊದಿಕೆಯನ್ನು ಅವನ ಮೇಲೆಸೆದನು.

ಬೆಳಗಿನ ಜಾವ ಇಳಿತದ ವೇಳೆ. ಕಡಲು ಬಹಳ ಹಿಂದಕ್ಕೆ ಸರಿದು, ಒದ್ದೆ ಮರಳು ಕನ್ನಡಿಯಂತೆ ಹಾಸಿತ್ತು. ಮದುಮಗನು ಹೊಟೇಲಿನ ನಲ್ಲಿಯಲ್ಲಿ ಮಿಂದು, ಬಂಡೆಯೊಂದರ ಮರೆಯಲ್ಲಿ ಟವೆಲು ಹಾಸಿ ಕುಳಿತು, ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜೆ ಮಾಡಿದನು. ಮನಸ್ಸು ನಿಂತಿತೆಂದು ಹೇಳಲಾಗದು. ಖರ್ಚಿನ ಪುಟ ಕಣ್ಣ ಮುಂದೆ ಬರುತ್ತಿತ್ತು. ಪೂಜೆ ಮುಗಿಸಿ ಬಂದವನು ಉಳಿದ ಮೂವರಿಗೂ ರಾತ್ರಿ ನಡೆದದ್ದನ್ನು ಹೇಳಿದನು, ತನ್ನ ನೋಟುಪುಸ್ತಕದ ಸಂಗತಿಯನ್ನೂ ಸೇರಿಸಿಯೇ ಹೇಳಿದನು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಂಗಳೂರಿನವನ ಮುಖ ಕೆಂಪಾಯಿತು. “ನಾ ಎಣಿಸಿದಾಗ ನಾವು ನಾಲ್ಕು ಮಂದಿ ಅಂತಲೇ ಬಂತಲೇ ತಲೆಯೊಳಗ” ಎಂದಷ್ಟೇ ಅಂದನು.

ಆ ದಿನ ಐವರೂ ಕೂಡಿಯೇ ಬನ್ಸ್ ತಿಂದರು, ಕೂಡಿಯೇ ದೇವಾಲಯಕ್ಕೆ ಹೋದರು. ಮಹಾಬಲೇಶ್ವರನ ಸನ್ನಿಧಿಗೆ ಗಂಡಸರು ಅಂಗಿ ತೆಗೆದು ಹೋಗಬೇಕು. ಮದುಮಗನ ಕೊರಳ ಶಿವದಾರ ಕಾಣಿಸಿತು. “ಕೊರಳಾಗ ಇಟ್ಟುಕೊಂಡು ಮತ್ತ ಇಲ್ಲಿ ಹುಡುಕಾಕ ಬಂದಿ” ಎಂದು ಮೇಷ್ಟ್ರು ಮೆಲ್ಲಗೆ ಚುಚ್ಚಿದರು. ಅವರು ಹೇಳಿದ್ದೂ ಸರಿಯೇ, ಗೆಳೆಯರೊಡನೆ ಅವನು ಸಾಲಿನಲ್ಲಿ ನಿಂತದ್ದೂ ತಪ್ಪಲ್ಲ. ಕೋಟಿತೀರ್ಥದ ಮೆಟ್ಟಿಲ ಮೇಲೆ ಕುಳಿತು ಮೇಷ್ಟ್ರು ಕ್ಷೇತ್ರದ ಕಥೆ ಹೇಳಿದರು. ರಾವಣನು ಆತ್ಮಲಿಂಗವನ್ನು ಕೈಲಾಸದಿಂದ ಲಂಕೆಗೆ ಒಯ್ಯುತ್ತಿದ್ದನು, ನೆಲಕ್ಕೆ ಇಡುವಂತಿಲ್ಲ. ಸಂಧ್ಯಾವಂದನೆಯ ಹೊತ್ತಾದಾಗ ದಾರಿಯಲ್ಲಿ ಕಂಡ ಹುಡುಗನ ಕೈಗೆ ಕೊಟ್ಟನು. ಹುಡುಗನ ವೇಷದಲ್ಲಿದ್ದ ಗಣಪತಿಯು ಮೂರು ಸಲ ಕೂಗಿ, ರಾವಣನು ಬಾರದಿರಲು ಕೆಳಗಿಟ್ಟುಬಿಟ್ಟನು. ರಾವಣನು ಎಷ್ಟು ಜಗ್ಗಿದರೂ ಅದು ಮೇಲೇಳಲಿಲ್ಲ, ಅದರಿಂದಲೇ ಮಹಾಬಲನೆಂಬ ಹೆಸರು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕ್ರೂಸರಿನ ಗೆಳೆಯನು ಮಾತ್ರ ನಕ್ಕು, “ತನ್ನ ಸಾಮಾನು ಇನ್ನೊಬ್ಬರ ಕೈಯಾಗ ಕೊಟ್ಟು ಹೋದವ, ಹಿಡಕೊಂಡವನ ಕೈ ನೋಯತೈತಿ ಅಂತ ಎಣಿಸಲಿಲ್ಲ ನೋಡು” ಎಂದನು. ಎಲ್ಲರೂ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಅವನು ಅದನ್ನು ಅವರಿಗೆ ತಾಗುವಂತೆ ಹೇಳಿದ್ದನೋ, ಸುಮ್ಮನೆ ಹೇಳಿದ್ದನೋ ತಿಳಿಯುವಂತಿರಲಿಲ್ಲ.

ಓಂ ಕಡಲತೀರದಲ್ಲಿ ಮಧ್ಯಾಹ್ನದ ಮೊದಲು ಒಂದು ಘಟನೆ ನಡೆಯಿತು. ನಡುವೆ ಬಂಡೆ, ಎರಡು ಕಡೆ ಬಿಲ್ಲಿನಂತೆ ಬಾಗಿದ ಮರಳು, ಮೇಲಿನಿಂದ ನೋಡಿದರೆ ಓಂಕಾರದ ಆಕಾರ ಕಾಣುವುದರಿಂದ ಆ ಹೆಸರು. ತಾಯಿಯ ಮಾತಿನಂತೆ ಮದುಮಗನು ಮೊಣಕಾಲು ನೀರಿಗಿಂತ ಮುಂದೆ ಹೋಗಲಿಲ್ಲ. ಬ್ಯಾಡಗಿಯವನು ಅಲೆ ಇಲ್ಲದ ಜಾಗ ನೋಡಿ, ಅಲ್ಲಿ ಕಡಲು ಶಾಂತವಾಗಿದೆ ಎಂದು ಸೊಂಟದ ತನಕ ನಡೆದನು. ದಡದಿಂದ ಜೀವರಕ್ಷಕನ ಸೀಟಿ ಕೇಳಿಸಿತು. ಒಮ್ಮೆ ಅಲ್ಲ, ಬಿಡದೆ ಊದಿದನು. ಕ್ರೂಸರಿನ ಗೆಳೆಯನು ತುಂಗಭದ್ರೆಯ ದಂಡೆಯ ಊರಿನವನು, ಈಜು ಬಲ್ಲವನು. ಓಡಿಹೋಗಿ ಕೈ ಹಿಡಿದು ಅವನನ್ನು ಪಕ್ಕಕ್ಕೆ ಎಳೆದು ತಂದನು. ಜೀವರಕ್ಷಕನು ಬಂದು ತಿಳಿಸಿ ಹೇಳಿದನು: ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟೆ ಮಾತ್ರ ಸುಮ್ಮನಿದ್ದರೆ ಅದು ಶಾಂತಿಯಲ್ಲ, ದಡಕ್ಕೆ ಬಂದ ನೀರೆಲ್ಲ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಿರುತ್ತದೆ, ಸಿಕ್ಕಿದವನನ್ನು ಒಳಗೆ ಒಯ್ಯುತ್ತದೆ. ಸಿಕ್ಕಿಬಿದ್ದರೆ ನೇರವಾಗಿ ದಡದ ಕಡೆಗೆ ಈಜಿ ದಣಿಯಬಾರದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಆ ಪಟ್ಟೆಯಿಂದ ಹೊರಬರಬೇಕು. ಬಯಲುಸೀಮೆಯ ನಮ್ಮ ಮಕ್ಕಳಿಗೆ ಈ ಮಾತು ತಿಳಿದಿರುವುದು ಅಗತ್ಯ. ಅದೇ ವರ್ಷ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಜೀವ ಕಳೆದುಕೊಂಡರು. ಪ್ರವಾಸಕ್ಕೆ ಹೊರಡುವ ಮುನ್ನ ಶಾಲೆಗಳಲ್ಲಿ, ಮನೆಗಳಲ್ಲಿ ಇಷ್ಟನ್ನಾದರೂ ಹೇಳಿ ಕಳುಹಿಸಬೇಕು.

ಆ ರಾತ್ರಿ ಕೋಣೆಯ ಮಂಚಗಳನ್ನು ಗೋಡೆಗೆ ಒತ್ತರಿಸಿ, ಹಾಸಿಗೆಗಳನ್ನು ನೆಲಕ್ಕೆಳೆದು ಐವರೂ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದರು. ಗಾಡಿ? ಬೀಗ ಹಾಕಿದ ಗಾಡಿ ಗುಡ್ಡದ ಮೇಲೆ ತಾನೇ ಇತ್ತು. ಕ್ರೂಸರಿನ ಗೆಳೆಯನು ಮಾತ್ರ ನಡುರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದನೆಂದು ಮೇಷ್ಟ್ರು ಬೆಳಿಗ್ಗೆ ಹೇಳಿದರು. ಸಾಲದ ಗಾಡಿಯ ನಿದ್ದೆ ಹಾಗೆಯೇ.

ಭಾನುವಾರ ಹಿಂದಿರುಗುವಾಗ ಸಾಣಿಕಟ್ಟೆಯ ಉಪ್ಪಿನ ಆಗರಗಳ ಬಳಿ ಗಾಡಿ ನಿಲ್ಲಿಸಿದರು. ಅಘನಾಶಿನಿಯ ಅಳಿವೆಯಿಂದ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಬಿಸಿಲಿಗೆ ಗಟ್ಟಿಯಾಗಿಸಿ, ಆಮೇಲೆ ಚಿಕ್ಕ ಚಿಕ್ಕ ಮಡಿಗಳಿಗೆ ಹಾಯಿಸಿ, ನೀರು ಆರಿ ಉಳಿದ ಹರಳನ್ನು ಗೋರಿ ರಾಶಿ ಮಾಡುತ್ತಾರೆ. ಮಳೆ ಬರುವ ತನಕ ಅದೇ ಕೆಲಸ. ಆಗಿನ್ನೂ ಹೊಸ ಉಪ್ಪು ಬಂದಿರಲಿಲ್ಲ, ಕೆಲವರು ಮಡಿಯ ಕೆಸರನ್ನು ಕಾಲಿನಿಂದ ತುಳಿದು ಹದಮಾಡುತ್ತಿದ್ದರು. ಅಡಿಗಾಲು ಬೆಳ್ಳಗೆ ಬಿರುಕು ಬಿಟ್ಟಿದ್ದವು. ಕ್ರೂಸರಿನ ಗೆಳೆಯನು ಹಿಂದಿನ ವರ್ಷದ ಉಪ್ಪಿನ ಒಂದು ಚೀಲವನ್ನು ಮನೆಗೆಂದು ಕೊಂಡನು.

ಅಲ್ಲಿಯೇ, ಗಾಡಿಯ ಬಾನೆಟ್ಟಿನ ಮೇಲೆ, ಲೆಕ್ಕ ನಡೆಯಿತು. ಬೆಂಗಳೂರಿನವನು ೨೦,೦೦೦ ರೂಪಾಯಿಗಳನ್ನು ತೆಗೆದು ಚಾಲಕನ ಕೈಗಿಟ್ಟನು. ಎರಡು ದಿನದ ನಾಚಿಕೆ ಆ ನೋಟುಗಳಲ್ಲಿತ್ತೆಂಬುದು ಎಲ್ಲರಿಗೂ ತಿಳಿಯಿತು. ಕ್ರೂಸರಿನವನು ಎಣಿಸಿದನು. ಹನ್ನೆರಡನ್ನು ಜೇಬಿಗಿಟ್ಟು, ಎಂಟು ಸಾವಿರವನ್ನು ಹಿಂದಕ್ಕೆ ಕೊಟ್ಟನು. “ಮಾತಾಡಿದ್ದು ಹನ್ನೆರಡು.”

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮಗೆಲ್ಲ ಪರಿಚಿತ. ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ಹೆಚ್ಚಿನದನ್ನು ಇದ್ದಲ್ಲಿಯೇ ಹಾಕಿ ಬನ್ನಿರೆಂದು ಆ ತಾಯಿ ಹಿಂದಕ್ಕೆ ಕಳುಹಿಸಿದರು. ಪ್ರವಚನಗಳಲ್ಲಿ ಇದನ್ನು ಆಸೆ ಬೇಡವೆಂಬ ಪಾಠವಾಗಿ ಹೇಳುವುದೇ ಹೆಚ್ಚು. ಆ ಅಕ್ಕಿ ಎಲ್ಲಿಂದ ಬಂದಿತೆಂಬುದನ್ನೂ ಕೇಳಿಕೊಳ್ಳಬೇಕು. ಬಡವರೆಂದು ಮರುಗಿ ಯಾರೋ ಬೇಕೆಂದೇ ಹೆಚ್ಚು ಚೆಲ್ಲಿದ ಅಕ್ಕಿ ಅದೆಂದು ಹೇಳುವ ಕಥನವೂ ಉಂಟು. ಹಾಗಿದ್ದರೆ ಲಕ್ಕಮ್ಮನವರು ಹಿಂದಿರುಗಿಸಿದ್ದು ಅಕ್ಕಿಯನ್ನಷ್ಟೇ ಅಲ್ಲ, ಆ ಮರುಕವನ್ನೂ.

ಬಾನೆಟ್ಟಿನ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. “ಈಗ ನನ್ನ ಪಾಲು ಎಷ್ಟಾತು ಹೇಳು” ಎಂದು ಅವನು ಮೇಷ್ಟ್ರನ್ನು ಕೇಳಿದನು. ಬೇಡವೆಂದು ಮೂವರೂ ಹೇಳಿದರು. “ನಾನೂ ಗೆಳ್ಯಾನ ಹೌದಲ್ಲೋ? ಹೌದಾದರ ಪಾಲು ಹೇಳ್ರಿ. ಬಾಡಿಗಿ ಬ್ಯಾರೆ, ಪಾಲು ಬ್ಯಾರೆ.” ಮೇಷ್ಟ್ರು ಬಾಯಿಲೆಕ್ಕ ಹಾಕಿದರು. ಕೋಣೆ, ಊಟ, ಇತರ ಖರ್ಚು ೧೮,೦೦೦. ಗಾಡಿ ೧೨,೦೦೦. ಒಟ್ಟು ೩೦,೦೦೦. ಮದುಮಗನನ್ನು ಬಿಟ್ಟು ನಾಲ್ವರು. ತಲೆಗೆ ೭,೫೦೦. ಅವನು ಜೇಬಿನಿಂದ ಏಳೂವರೆ ಸಾವಿರ ಎಣಿಸಿ ಕೊಟ್ಟನು.

ಮದುಮಗನು ಪಕ್ಕದಲ್ಲಿ ನಿಂತು ಬೇರೆ ಲೆಕ್ಕ ಹಾಕುತ್ತಿದ್ದನು. ಉಳಿದದ್ದು ೪,೫೦೦. ಹೋಗಿ ಬರುವ ದಾರಿ, ಊರೊಳಗಿನ ಓಡಾಟ ಸೇರಿ ಸುಮಾರು ೪೫೦ ಕಿಲೋಮೀಟರು. ಆ ಗಾಡಿ ಲೀಟರಿಗೆ ಹನ್ನೆರಡು ಕೊಟ್ಟರೂ ಡೀಸೆಲ್ಲಿಗೆ ಮೂರು ಸಾವಿರದ ಮೇಲಾಗುತ್ತದೆ. ಮೂರು ದಿನದ ದುಡಿಮೆಗೆ ಗೆಳೆಯನ ಕೈಯಲ್ಲಿ ಉಳಿದದ್ದು ಸಾವಿರದ ಮುನ್ನೂರರ ಆಸುಪಾಸು. ತಿಂಗಳ ಕಂತಿಗೆ ಅದು ಯಾವ ಮೂಲೆಗೂ ಸಾಲದು. ಬಾಡಿಗೆಯವನಾಗಿ ಬಂದವನು ಗೆಳೆಯನಾಗಿ ಹಿಂದಿರುಗಲು ಕೊಟ್ಟ ಬೆಲೆ ಅದು. ಅದನ್ನು ಹೇಳಿ ತಡೆಯಬೇಕೋ, ಸುಮ್ಮನಿರಬೇಕೋ ಮದುಮಗನಿಗೆ ತಿಳಿಯಲಿಲ್ಲ. ತಡೆದರೆ ಅವನನ್ನು ಮತ್ತೆ ಖರ್ಚಿನ ಪುಟಕ್ಕೆ ದೂಡಿದಂತೆ. ಸುಮ್ಮನಿದ್ದರೆ ಒಂದು ಮನೆಯ ಅನ್ನದ ಮಾತು. ಸುಮ್ಮನೇ ಇದ್ದನು. ಸುಮ್ಮನಿದ್ದದ್ದು ಸರಿಯಾಯಿತೇ ಎಂದು ಅವನು ಆಮೇಲೂ ಅನೇಕ ದಿನ ಯೋಚಿಸಿದನು.

ಲಗ್ನಪತ್ರವನ್ನು ಕಡಲತೀರದಲ್ಲಿ ಕೈಗೆ ಕೊಟ್ಟು ಬಿಡುವಂತಿಲ್ಲ. ಅದಕ್ಕೆ ಮನೆಗೆ ಹೋಗಬೇಕು, ಹೊಸ್ತಿಲು ದಾಟಬೇಕು, ಮನೆಯ ಹಿರಿಯರ ಮುಂದೆ ಇಟ್ಟು ಕರೆಯಬೇಕು. ಎಲ್ಲರನ್ನೂ ಅವರವರ ಊರಲ್ಲಿ ಇಳಿಸಿದ ಮೇಲೆ ಮದುಮಗನು ತನ್ನ ಮನೆಯ ಮುಂದೆ ಇಳಿಯಲಿಲ್ಲ. “ನಿಮ್ಮ ಮನೀಗೆ ನಡಿ” ಎಂದನು. ರಾತ್ರಿ ಒಂಬತ್ತರ ಸುಮಾರಿಗೆ ಆ ಊರು ತಲುಪಿದರು. ಹೂವಿನ ಅಂಗಿಯ ಮೇಲೆ ಟವೆಲು ಹೊದ್ದು, ಒಳಗೆ ಹೋಗಿ, ಗೆಳೆಯನ ತಾಯಿಯ ಪಾದ ಮುಟ್ಟಿ ನಮಸ್ಕರಿಸಿ ಪತ್ರವನ್ನಿಟ್ಟನು. ಹೆಸರು ಬರೆದ ಶಾಯಿ ಹೊಸದು, ಶಿರಸಿಯಲ್ಲಿ ಚಹಾಕ್ಕೆ ನಿಂತಾಗ ಬರೆದದ್ದು. “ಅವ್ವ, ಮನಿಮಂದಿ ಎಲ್ಲಾರೂ ಬರಬೇಕು.”

ಆ ಹಿರಿಯಳು ಪತ್ರವನ್ನು ತಿರುವಿ ನೋಡಿ, ಕಣ್ಣಿಗೊತ್ತಿಕೊಂಡು, “ಇವ ಹೆಂಗೂ ಗಾಡಿ ತರತಾನ, ನಾವೂ ಅದರಾಗ ಬರತೀವಪ್ಪ” ಎಂದಳು.

ಅಲ್ಲಿಯೇ ಹೊಸ ತೊಡಕು ಎದ್ದಿತು. ಅತಿಥಿಯಾಗಿ ಕರೆದವನಿಂದ ಗಾಡಿ ಓಡಿಸಿಕೊಳ್ಳುವುದು ಹೇಗೆ? ಬೇರೆ ಗಾಡಿ ಹಿಡಿದರೆ ಲಗ್ನದ ಹಂಗಾಮಿನ ಒಂದು ಒಳ್ಳೆಯ ಬಾಡಿಗೆ ಇವನ ಕೈತಪ್ಪುತ್ತದೆ. ಮದುಮಗನು ಏನು ಹೇಳಬೇಕೆಂದು ತೊದಲುತ್ತಿರುವಾಗ ಗೆಳೆಯನೇ ಉಪ್ಪಿನ ಚೀಲವನ್ನು ಒಳಗಿಟ್ಟು ಬಂದು ಹೇಳಿದನು: “ಗಾಡಿ ನಂದೇ ಬರತೈತಿ. ಬಾಡಿಗಿ ಪೂರಾ ತಗೋತೀನಿ. ತಮ್ಮ ಹೊಡಿತಾನ, ಅವಗೂ ಲೈಸೆನ್ಸ್ ಬಂದೈತಿ. ನಾ ಹಿಂದ ಕುಂದರತೀನಿ.”

ಫೆಬ್ರುವರಿಯಲ್ಲಿ ಹರಿಹರದಲ್ಲಿ ಮದುವೆ ನಡೆಯಿತು. ಕ್ರೂಸರ್ ಬಂದಿತು. ಅವನು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸೀಟಿನಿಂದ ಇಳಿದನು. ಅಕ್ಷತೆ ಮುಗಿದು ಊಟಕ್ಕೆ ಕುಳಿತಾಗ ಪ್ರಸಾದನಿಲಯದವರೆಲ್ಲ ಒಂದೇ ಸಾಲಿನಲ್ಲಿ ಕುಳಿತರು. ಮೇಷ್ಟ್ರು, ಬ್ಯಾಡಗಿಯವನು, ಬೆಂಗಳೂರಿನವನು, ಇವನು. ಮದುಮಗನ ಎಲೆಯೊಂದನ್ನು ತಮಾಷೆಗೆಂದು ಪಕ್ಕದಲ್ಲಿ ಹಾಸಿ ಖಾಲಿ ಬಿಟ್ಟಿದ್ದರು. ಹೋಳಿಗೆ ಬಂತು, ತುಪ್ಪ ಬಂತು. ಯಾರೂ ಕೈ ಹಾಕಿರಲಿಲ್ಲ, ಸಾಲಿನ ಕೊನೆಗೆ ಇನ್ನೂ ಬಡಿಸುತ್ತಿದ್ದರು. ಆಗ ಕ್ರೂಸರಿನ ಗೆಳೆಯನು ಹಂದರದ ಬಾಗಿಲ ಕಡೆ ನೋಡಿದನು. ಹೊರಗೆ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು, ಅದರ ಮೆಟ್ಟಿಲ ಮೇಲೆ ತಮ್ಮನು ಕುಳಿತಿದ್ದನು. ಅವನು ಎದ್ದು, ಸಾಲು ದಾಟಿ ಹೊರಗೆ ಹೋಗಿ, ತಮ್ಮನ ಕೈ ಹಿಡಿದು ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿದನು. ಬೆಂಗಳೂರಿನವನು ಸರಿದು ಜಾಗ ಮಾಡಿಕೊಟ್ಟನು. ಬಡಿಸುವವರು ಇನ್ನೊಂದು ಎಲೆ ತಂದು ಹಾಕಿದರು.